ದೋಣಿ ಸೂಮೇಯ್‌ಗೆ ನಡುನಾಡಿ ಸಿಕ್ಕ ಚಳಿಗಾಲ

ಗ್ವಾಂಗ್‌ಫು ಕೋಟೆಯ ಸುತ್ತಲಿನ ನೀರಿನಲ್ಲಿ ದೋಣಿ ನಡೆಸುವ ಹೆಂಗಸರು ಇಬ್ಬರೋ ಮೂವರೋ ಇದ್ದರು. ಅವರಲ್ಲಿ ಚ್ವೇ ಸೂಮೇಯ್‌ಳನ್ನು ಗುರುತಿಸಲು ಮುಖ ಕಾಣಬೇಕಾಗಿರಲಿಲ್ಲ, ದೂರದಿಂದ ಅವಳು ನಿಂತ ಭಂಗಿ ಕಂಡರೆ ಸಾಕಿತ್ತು. ಹರೆಯದಲ್ಲಿ ಅಪ್ಪನ ಕೈಯಿಂದ ಬಿದಿರಿನ ಗಳ ಇಸಿದುಕೊಂಡವಳು ಐವತ್ತು ದಾಟುವವರೆಗೂ ದೋಣಿಯ ಬಲಗಡೆಗೇ ನಿಂತು, ಕೆಸರಿಗೆ ಗಳ ಊರಿ, ದೋಣಿ ತಳ್ಳಿದ್ದಳು. ಬಲಭುಜ ಎತ್ತಿನ ಹಿಣಿಲಿನಂತೆ ಬೆಳೆದಿತ್ತು. ಸೊಂಟ ಎಡಕ್ಕೆ ಜಾರಿ, ಇಡೀ ಮೈ ಒಂದು ಕಡೆಗೆ ವಾಲಿತ್ತು. ಗಂಡ ಬಾವ್‌ಶಾನ್ ಬೋಲ್ಟು ಮಾಡುವ ಕಾರ್ಖಾನೆಯ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡವನು. ಮೆಲ್ಲಗೆ ಮಾತಾಡುವುದು ಅವನಿಗೆ ಮರೆತೇಹೋಗಿತ್ತು. "ನಿನ್ನ ಪಕ್ಕ ನಡೆದ್ರೆ ನಾನೇ ಎಲ್ಲೋ ಕುಡ್ಕೊಂಡು ಬಂದಿದೀನಿ ಅನ್ಸುತ್ತೆ ಕಣೇ" ಎಂದು ಅವನು ಹೆಂಡತಿಗೆ ಪ್ರೀತಿಯಿಂದ ಹೇಳಿದ್ದು ಮೂರು ಬೀದಿಗೆ ಕೇಳಿಸಿತ್ತು.

ಆ ಭುಜದ ನೋವೇ ಅವಳನ್ನು ಲ್ವಾನ್ ಗುರುಗಳ ಬಳಿಗೆ ಕರೆದುಕೊಂಡು ಹೋದದ್ದು. ಆಗ ಅವಳಿಗೆ ಮೂವತ್ತರ ಆಸುಪಾಸು. ಕೋಟೆಯ ದಕ್ಷಿಣ ಬಾಗಿಲಿನ ಬಯಲಿನಲ್ಲಿ ಬೆಳಗಾಗೆದ್ದು ತಾಯ್‌ಚಿ ಎಂಬ ನಿಧಾನ ಚಲನೆಯ ಆಟ ಕಲಿಸುತ್ತಿದ್ದ ಗುರುಗಳು ಅವಳ ಭುಜ ಮುಟ್ಟಿ ನೋಡಿ, ನಾಳೆಯಿಂದ ಬಾ ಅಂದಿದ್ದರು. ನೋವು ಹೋಯಿತು, ಅವಳು ಹೋಗುವುದು ನಿಲ್ಲಲಿಲ್ಲ. ಮಂಡಿಯೂರಿ ಚಹಾ ಒಪ್ಪಿಸಿ ಶಿಷ್ಯೆಯೂ ಆದಳು. ಆ ಊರಲ್ಲಿ ಅದು ಹುಡುಗಾಟದ ಮಾತಲ್ಲ. ಒಮ್ಮೆ ಒಬ್ಬರ ಕೈಗೆ ಚಹಾ ಕೊಟ್ಟ ಮೇಲೆ ಇನ್ನೊಬ್ಬರ ಅಂಗಳದಲ್ಲಿ ಕಾಲಿಡುವುದು ತವರಿಗೆ ಬೆನ್ನು ಹಾಕಿದ ಹಾಗೆ.

ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಒಬ್ಬರನ್ನೊಬ್ಬರು ಕದಲಿಸುವ ತಳ್ಳಾಟದಲ್ಲಿ ಸೂಮೇಯ್‌ಳನ್ನು ಮೀರಿಸುವ ಹೆಂಗಸು ಆ ಸುತ್ತಿನಲ್ಲಿ ಇರಲಿಲ್ಲ. ಗಂಡಸರೂ ಅವಳ ಸರದಿ ಬಂದಾಗ ಶೂ ದಾರ ಕಟ್ಟಿಕೊಳ್ಳುವ ನೆಪ ಹೂಡುತ್ತಿದ್ದರು. ಆದರೂ ಗುರುಗಳು ವರ್ಷ ವರ್ಷವೂ ಅವಳನ್ನು ನೋಡಿ ಒಂದೇ ಮಾತು ಹೇಳುತ್ತಿದ್ದರು: ಬಲ ಇದೆ, ಒಳಗೆ ಏನೂ ಇಲ್ಲ. ಒಳಗೆ ಏನಿರಬೇಕು ಎಂದು ಕೇಳಿದರೆ, ಮಾಡ್ತಾ ಇರು, ತಾನಾಗಿ ಬರುತ್ತೆ ಎಂದು ಮಾತು ಮುಗಿಸುತ್ತಿದ್ದರು. ಇಪ್ಪತ್ತು ವರ್ಷವಾದರೂ ಏನೂ ಬಂದಿರಲಿಲ್ಲ. ಅದು ಅವಳನ್ನು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು.

ಒಂದು ಶರತ್ಕಾಲದ ಬೆಳಗ್ಗೆ, ಆಚೆ ದಡದ ತಾವರೆಗೆಡ್ಡೆಯವರ ಹತ್ತಿರ ಹೋಗಬೇಕೆಂದು ಪಾಂಗ್ ಅಜ್ಜಿ ದೋಣಿಗೆ ಬಂದರು. ಪೂರ್ವ ಬಾಗಿಲಿನ ಹಿಂದಿನ ಓಣಿಯಲ್ಲಿ ಹತ್ತಿ ಹಿಂಜಿ ಕೌದಿ ಹೊಲಿಯುವ ಮುದುಕಿ ಅವರು, ಎಪ್ಪತ್ತೈದರ ಮೇಲಾಗಿತ್ತು, ಹಿಡಿಯಷ್ಟು ಮೈ. ಸಾಮಾನ್ಯವಾಗಿ ಯಾರು ದೋಣಿಗೆ ಕಾಲಿಟ್ಟರೂ ಅದು ಒಮ್ಮೆ ಹೊರಳಿ ನೋಡುತ್ತದೆ. ಅಜ್ಜಿ ಕಾಲಿಟ್ಟದ್ದು ದೋಣಿಗೆ ಗೊತ್ತೇ ಆಗಲಿಲ್ಲ. ಸೂಮೇಯ್ ಅದನ್ನು ಗಮನಿಸಿದಳು, ಆದರೆ ಸಣ್ಣ ಜೀವ, ತೂಕ ಇಲ್ಲ ಅಂದುಕೊಂಡಳು. ನಡುನೀರಿನಲ್ಲಿ ಒಂದು ಮೋಟಾರು ದೋಣಿ ಪಕ್ಕದಲ್ಲೇ ನುಗ್ಗಿಹೋದಾಗ ಅಲೆ ಎದ್ದಿತು. ಇದ್ದ ಪ್ರಯಾಣಿಕರೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಅಜ್ಜಿ ಮಾತ್ರ ನಿಂತಲ್ಲೇ ನಿಂತು, ಸಂಚಿಯಿಂದ ಕಡಲೆಕಾಯಿ ತೆಗೆದು ಸುಲಿಯುತ್ತಿದ್ದರು.

ದಡ ಮುಟ್ಟಿದ ಮೇಲೆ ಎಲ್ಲರೂ ಇಳಿದುಹೋಗಲು ಬಿಟ್ಟು, ಸೂಮೇಯ್ ಮೆಟ್ಟಿಲ ಮೇಲೆ ಅಜ್ಜಿಯನ್ನು ತಡೆದಳು. ಬೇಜಾರು ಮಾಡ್ಕೋಬೇಡಿ, ಒಂದು ಸಲ ತಳ್ಳಿ ನೋಡಲಾ ಎಂದು ಕೇಳಿದಳು. ಅಜ್ಜಿ ನಕ್ಕು, ಕಡಲೆಕಾಯಿ ಚೆಲ್ಲದ ಹಾಗೆ ತಳ್ಳಮ್ಮ ಅಂದರು. ಸೂಮೇಯ್ ಅವರ ಹೆಗಲಿಗೆ ಕೈಯಿಟ್ಟು ಮೆಲ್ಲಗೆ ಒತ್ತಿದಳು, ಆಮೇಲೆ ಇನ್ನಷ್ಟು. ಹಗ್ಗಕ್ಕೆ ಒಣಹಾಕಿದ ಕೌದಿಯನ್ನು ತಳ್ಳಿದ ಹಾಗಾಯಿತು. ತಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಜ್ಜಿ ಯಾವುದೋ ಒಂದು ನಡುಗೆರೆಯ ಸುತ್ತ ಕೊಂಚ ತಿರುಗಿದರು ಅಷ್ಟೆ, ಸೂಮೇಯ್ ಮುಗ್ಗರಿಸಿ ತನ್ನ ದೋಣಿಯೊಳಗೇ ಬಿದ್ದಳು.

ಬಿದ್ದಲ್ಲಿಂದಲೇ ಕೇಳಿದಳು, "ಅಜ್ಜಿ, ಇದು ಏನು?"

"ಏನಿಲ್ಲಮ್ಮ. ನಡುನಾಡಿಯಲ್ಲಿ ನಿಂತ್ಕೊಂಡಿದ್ದೆ. ನೀನು ಪಕ್ಕದಲ್ಲಿ ನಿಂತ್ಕೊಂಡು ನನ್ನನ್ನ ಹುಡುಕ್ತಾ ಇದ್ದೆ."

ಸೂಮೇಯ್ ಆ ದಿನವೇ ಕೌದಿಯಂಗಡಿಗೆ ಹೋಗಿ ಕಲಿಸಿ ಎಂದು ಕೂತಳು. ಅಜ್ಜಿ ಒಪ್ಪಲಿಲ್ಲ. ನೀನು ಲ್ವಾನ್‌ನ ಶಿಷ್ಯೆ, ಅವನನ್ನ ಕೇಳು ಅಂದರು. ಆಗ ಹಳೆಯ ಕತೆಯೊಂದು ಹೊರಬಂತು. ಲ್ವಾನ್ ಗುರುಗಳಿಗೆ ತಾಯ್‌ಚಿ ಕಲಿಸಿದ್ದು ಅವರ ದೊಡ್ಡಪ್ಪ. ಪಾಂಗ್ ಆಗ ಹುಡುಗಿ, ಆ ಮನೆಗೆ ಕೌದಿ ಹೊಲಿಯಲು ಹೋಗುತ್ತಿದ್ದಳು. ಅಂಗಳದಲ್ಲಿ ದೊಡ್ಡಪ್ಪ ಹುಡುಗರಿಗೆ ಆಟ ಹೇಳಿಕೊಟ್ಟರೆ, ಒಳಮನೆಯಲ್ಲಿ ದೊಡ್ಡಮ್ಮ ಈ ಹುಡುಗಿಗೆ ನಡುನಾಡಿಯ ಅಭ್ಯಾಸ ಹೇಳಿಕೊಟ್ಟಳು. ನೆತ್ತಿಯಿಂದ ಕೂರುವ ಮೂಳೆಗಳ ನಡುವಿನವರೆಗೆ, ಬೆನ್ನಿಗೂ ಅಲ್ಲದೆ ಹೊಟ್ಟೆಗೂ ಅಲ್ಲದೆ ಮೈಯ ನಟ್ಟನಡುವೆ ಇಳಿಯುವ ದಾರಿ ಅದು. ಆ ದಾರಿ ತಿಳಿಯಾದರೆ ಮೈಯ ಕಸುವು ಅದರ ಸುತ್ತ ತಾನಾಗಿ ಒಟ್ಟುಗೂಡುತ್ತದೆ ಎಂದು ದೊಡ್ಡಮ್ಮ ಹೇಳುತ್ತಿದ್ದಳಂತೆ. "ಹಾಗಂತ ನಂಗೆ ಲ್ವಾನ್‌ನ ಹಾಗೆ ಆಟ ಬರಲ್ಲ. ಅವನು ಒಂದು ಕಾಲು ಎತ್ತಿದರೆ ಕೊಕ್ಕರೆ, ನಾನು ಎತ್ತಿದರೆ ಸ್ಟೂಲು" ಎಂದು ಅಜ್ಜಿ ತಮ್ಮನ್ನೇ ಆಡಿಕೊಂಡರು.

ಗುರುಗಳನ್ನು ಕೇಳಿದಾಗ ಅವರ ಮುಖ ಬಿಗಿಯಿತು. ಅದರ ಸುದ್ದಿಗೆ ಹೋಗಬೇಡ ಅಂದರು. ಕಾರಣ ಹೇಳಲಿಲ್ಲ. ಕಾರಣ ಹೇಳದ 'ಬೇಡ' ಯಾವತ್ತೂ ಬಾಗಿಲು ತೆರೆದಿಟ್ಟ ಹಾಗೆಯೇ. ಸೂಮೇಯ್ ಮತ್ತೆ ಮತ್ತೆ ಕೌದಿಯಂಗಡಿಗೆ ಹೋದಳು. ಹತ್ತಿ ಹಿಂಜಿದಳು, ಹೊಲಿದ ಕೌದಿಗಳನ್ನು ದೋಣಿಯಲ್ಲಿ ತಲುಪಿಸಿ ಬಂದಳು. ಕೊನೆಗೆ ಅಜ್ಜಿ ಒಂದು ಎತ್ತರದ ಸ್ಟೂಲು ಎಳೆದು, ಅಂಚಿನಲ್ಲಿ ಕೂರು ಅಂದರು.

ಅಭ್ಯಾಸ ನೋಡಲು ಏನೂ ಅಲ್ಲ. ಅಂಗೈಗಳನ್ನು ತೊಡೆಯ ಮೇಲಿಟ್ಟು ಕೂರಬೇಕು. ಉಸಿರನ್ನು ಅದರ ಪಾಡಿಗೆ ಬಿಡಬೇಕು. ನೆತ್ತಿಯಿಂದ ಒಂದು ದಾರ ಇಳಿಬಿಟ್ಟ ಹಾಗೆ ಗಮನವನ್ನು ಕೆಳಗೆ ಬಿಡಬೇಕು. ನಾಲಿಗೆಯ ಬುಡ, ಗಂಟಲ ಹಿಂಭಾಗ, ಎದೆಮೂಳೆಯ ಹಿಂದೆ, ಹೊಕ್ಕುಳ ಹಿಂದೆ, ಆಮೇಲೆ ಕೂತ ಜಾಗ. ಎಲ್ಲಿ ದಾರ ಸಿಕ್ಕಿಕೊಂಡಿತೋ ಅಲ್ಲಿ ಸುಮ್ಮನೆ ನಿಂತು ನೋಡಬೇಕು, ಎಳೆಯಬಾರದು. ಅದು ಸ್ವಲ್ಪ ರೂಢಿಯಾದ ಮೇಲೆ ನಿಂತುಕೊಂಡು, ಆ ದಾರದ ಸುತ್ತ ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ಬಾಗಿಲು ತಿರುಗಿದಂತೆ ತಿರುಗಬೇಕು. ಅದೂ ಹದಕ್ಕೆ ಬಂದ ಮೇಲೆ ತಾಯ್‌ಚಿಯ ಮೊದಲ ಚಲನೆ, ಎರಡೂ ಕೈಗಳನ್ನು ಮೆಲ್ಲಗೆ ಎತ್ತಿ ಇಳಿಸುವುದು. ಅಷ್ಟೆ.

ಸೂಮೇಯ್‌ಗೆ ಗಂಟಲಿನಿಂದ ಕೆಳಗೆ ಏನೂ ಸಿಗಲಿಲ್ಲ. ಬಲಗಡೆ ಗೋಡೆ ಇದ್ದ ಹಾಗೆ, ಎಡಗಡೆ ಬಯಲು. ನಡು ಅನ್ನುವುದೇ ಇರಲಿಲ್ಲ. ಸಿಗದಿದ್ದರೆ ಸಿಗಲಿಲ್ಲ ಅಂತ ಗೊತ್ತಾಯ್ತಲ್ಲ, ಅದೇ ಇವತ್ತಿನ ಪಾಠ ಎಂದು ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು. ಸೂಮೇಯ್‌ಗೆ ಅದು ಸಮಾಧಾನವೆನಿಸಲಿಲ್ಲ. ಸಿಕ್ಕಿಕೊಂಡ ದೋಣಿಯನ್ನು ಕೆಸರಿನಿಂದ ಬಿಡಿಸಿ ಅಭ್ಯಾಸವಿದ್ದವಳು, ಮನೆಯಲ್ಲಿ ಬಾಗಿಲು ಹಾಕಿಕೊಂಡು ತನ್ನದೇ ರೀತಿಯಲ್ಲಿ ಶುರುಮಾಡಿದಳು. ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು, ಕೆಳಗಿನಿಂದ ಮೇಲಕ್ಕೆ ಕಸುವನ್ನು ಒತ್ತಿದಳು. ಮೊದಲು ಬಿಸಿಯೆದ್ದಿತು. ಬಂತು ಎಂದು ಅವಳಿಗೆ ಖುಷಿಯಾಯಿತು. ಇನ್ನೂ ಜೋರಾಗಿ ಒತ್ತಿದಳು.

ಕೆಲವೇ ದಿನಗಳಲ್ಲಿ ನೆತ್ತಿಯ ಮೇಲೆ ಕಾದ ಬಾಣಲೆ ಇಟ್ಟ ಹಾಗೆ ಸುಡತೊಡಗಿತು. ಕಿವಿಯಲ್ಲಿ ಗುಂಯ್ ಸದ್ದು, ಕಾಲು ಮಾತ್ರ ತಣ್ಣಗೆ ಕಲ್ಲು. ನಿದ್ದೆ ಹತ್ತಿರ ಸುಳಿಯಲಿಲ್ಲ. ನವಣೆ ಗಂಜಿಗೆ ಉಪ್ಪಿನ ಬೆಳ್ಳುಳ್ಳಿ ಇಲ್ಲ ಎಂಬುದಕ್ಕೆಲ್ಲ ಗಂಡನ ಮೇಲೆ ಕೂಗಾಡಿದಳು. ಬಾವ್‌ಶಾನ್ ಅರ್ಧ ಕೇಳಿಸಿಕೊಂಡು, ಈಗ ನಿನ್ನ ಮಾತು ನಂಗೆ ಸರಿಯಾಗಿ ಕೇಳಿಸ್ತಾ ಇದೆ, ಹೀಗೇ ಮಾತಾಡು ಅಂದ. ಅಜ್ಜಿಗೆ ಇದನ್ನೆಲ್ಲ ಅವಳು ಹೇಳಲಿಲ್ಲ. ಚೆನ್ನಾಗಿ ನಡೀತಿದೆ ಎಂದಷ್ಟೇ ಹೇಳಿದಳು.

ಚಳಿ ಹತ್ತಿರವಾಗುತ್ತಿದ್ದ ಒಂದು ಭಾನುವಾರ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಒಂದು ಜೋಡಿ ಅವಳ ದೋಣಿ ಹತ್ತಿತು. ಹುಡುಗಿ ನೆಲಕ್ಕೆ ಹರಿಯುವ ಬಿಳಿ ಗೌನು ಹಾಕಿದ್ದಳು, ಹುಡುಗ ಬಾಡಿಗೆ ಕೋಟಿನಲ್ಲಿದ್ದ. ಫೋಟೊದವನು ಕೋಟೆಯ ಗೋಡೆಯ ಮೇಲಿನಿಂದ ಹಾಗೆ ನಿಲ್ಲಿ ಹೀಗೆ ನಿಲ್ಲಿ ಎಂದು ಕೂಗುತ್ತಿದ್ದ. ನಡುನೀರಿನಲ್ಲಿ ಸೂಮೇಯ್ ಗಳ ಊರಿ ತಳ್ಳಿದಳು. ಆ ಕ್ಷಣಕ್ಕೆ ತಲೆಯೊಳಗಿನ ಬಿಸಿ ಒಮ್ಮೆಲೇ ಹೊರಳಿತು, ಕಣ್ಣು ಕತ್ತಲೆ ಬಂತು. ಗಳ ಕೆಸರಿನಲ್ಲಿ ನೆಟ್ಟಗೆ ನಿಂತಿತು, ದೋಣಿ ಮುಂದೆ ಹೋಯಿತು, ಸೂಮೇಯ್ ಎರಡರ ನಡುವೆ ನೀರಿಗೆ ಬಿದ್ದಳು.

ತಣ್ಣೀರು ತಾಗಿದ್ದೇ ಎಚ್ಚರ ಬಂತು. ನೀರು ಎದೆಮಟ್ಟ. ನೆಟ್ಟ ಗಳ ಹಿಡಿದು ನಿಂತು ನೋಡಿದರೆ, ಗಳವಿಲ್ಲದ ದೋಣಿ ಮದುಮಕ್ಕಳನ್ನು ಹೊತ್ತು ಜೊಂಡಿನ ಕಡೆಗೆ ತೇಲಿಹೋಗುತ್ತಿತ್ತು. ಹುಡುಗಿ ಗೌನು ಎತ್ತಿ ಹಿಡಿದು ಅಳುತ್ತಿದ್ದಳು, ಹುಡುಗ ಕೈಯಲ್ಲೇ ನೀರು ತೋಡುತ್ತಿದ್ದ. ಇನ್ನೊಂದು ದೋಣಿಯವನು ಹೋಗಿ ಅವರನ್ನು ಎಳೆದು ತಂದ. ಸಂಜೆಯ ಹೊತ್ತಿಗೆ ಊರೆಲ್ಲ ಈ ಕತೆ ಓಡಾಡಿತು. ದಕ್ಷಿಣ ಬಾಗಿಲಿನ ಬಯಲಿನಲ್ಲಿ ಹೆಂಗಸರು, ಸೂಮೇಯ್‌ನ ಯಾರೂ ಬೀಳಿಸಕ್ಕಾಗಲ್ಲ, ಅದಕ್ಕೇ ಅವಳೇ ಬಿದ್ಲು ಎಂದು ನಕ್ಕರು.

ಮರುದಿನ ಲ್ವಾನ್ ಗುರುಗಳು ಮನೆಗೆ ಬಂದರು. ಎಂದೂ ಶಿಷ್ಯರ ಮನೆಗೆ ಹೋಗದವರು. ಸೂಮೇಯ್ ಹೊದ್ದುಕೊಂಡು ಕೂತಿದ್ದಳು. ಏಳಬೇಡ ಅಂದು ಅವರು ಬೆಂಚಿನ ಮೇಲೆ ಕೂತರು. ಬಾವ್‌ಶಾನ್ ಬಿಸಿನೀರು ತಂದಿಟ್ಟು, ತನಗೆ ಹೇಗೂ ಕೇಳಿಸುವುದಿಲ್ಲ ಎಂದು ಅಲ್ಲೇ ನಿಂತ.

"ನೆತ್ತಿ ಸುಡ್ತಿದೆಯಾ?" ಗುರುಗಳು ಕೇಳಿದರು. ಅವಳು ಹೌದು ಅಂದಳು.

"ಕಾಲು ತಣ್ಣಗಿದೆ. ಹಕ್ಕಿ ಕೂಗಿದರೂ ಸಿಟ್ಟು ಬರುತ್ತೆ. ಅಲ್ವಾ?"

ಸೂಮೇಯ್ ತಲೆ ತಗ್ಗಿಸಿದಳು. ಇವರಿಗೆ ಹೇಗೆ ಗೊತ್ತು ಎಂದು ಅವಳಿಗೆ ಹೊಳೆದದ್ದು ಆಮೇಲೆ.

ಗುರುಗಳು ತಮ್ಮ ಕತೆ ಹೇಳಿದರು. ಹುಡುಗನಾಗಿದ್ದಾಗ ಒಳಮನೆಯ ಕಿಟಕಿಯ ಕೆಳಗೆ ಕೂತು ದೊಡ್ಡಮ್ಮನ ಮಾತು ಕದ್ದು ಕೇಳಿದ್ದರು. ಯಾರಿಗೂ ಹೇಳದೆ ತಾವೇ ಶುರುಮಾಡಿದ್ದರು. ಅಂಗಳದ ಹುಡುಗರಿಗಿಂತ ಮುಂದೆ ಹೋಗಬೇಕೆಂಬ ಆಸೆ. ಒಂದು ಇಡೀ ಚಳಿಗಾಲ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಬೆಳಕು ಕಂಡರೆ ಆಗುತ್ತಿರಲಿಲ್ಲ, ಅವ್ವನ ದನಿ ಕೇಳಿದರೆ ಆಗುತ್ತಿರಲಿಲ್ಲ. ದೊಡ್ಡಪ್ಪ ಅಂದಿನಿಂದ ಅಂಗಳದ ಯಾರಿಗೂ ಇದು ಬೇಡ ಎಂದು ಕಟ್ಟಳೆ ಮಾಡಿದರು. ತಾವೂ ಅದನ್ನೇ ಪಾಲಿಸಿಕೊಂಡು ಬಂದಿದ್ದರು.

"ನಾನು ಬಚ್ಚಿಟ್ಟೆ ಅಂದ್ಕೊಂಡೆ ನೀನು. ಬಚ್ಚಿಡಕ್ಕೆ ನನ್ನ ಹತ್ರ ಇದ್ದಿದ್ದು ಭಯ ಒಂದೇ," ಅಂದರು. ಎದ್ದು ಹೋಗುವ ಮುಂಚೆ ಇನ್ನು ಮಾಡುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡರು.

ಅವರು ಹೋದ ಮೇಲೆ ಬಾವ್‌ಶಾನ್ ಕೇಳಿದ್ದು ಒಂದೇ: "ಬೈದ್ರಾ?" ಇಲ್ಲ ಎಂದು ಅವಳು ಕೈಯಾಡಿಸಿದಳು. "ಬೈಬೇಕಿತ್ತು" ಅಂದು ಅವನು ಅವಳ ಕಾಲ ಬಳಿ ಬಿಸಿನೀರಿನ ಬಟ್ಟಲು ಇಟ್ಟ.

ಪಾಂಗ್ ಅಜ್ಜಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಸೂಮೇಯ್ ಎಲ್ಲವನ್ನೂ ಹೇಳಿ, ಮಾತು ಕೊಟ್ಟಿದ್ದೇನೆ, ಇನ್ನು ಬರುವುದಿಲ್ಲ ಅಂದಳು. ಅಜ್ಜಿ ಸೂಜಿಯನ್ನು ಕೌದಿಯಲ್ಲೇ ಚುಚ್ಚಿಟ್ಟು ಅವಳ ಪಾದ ಮುಟ್ಟಿ ನೋಡಿದರು.

"ನೋಡು ಅಂತ ಹೇಳ್ದೆ, ನೀನು ಗಳ ಹಾಕ್ದೆ," ಅಂದರು. "ತಪ್ಪು ನಂದೂ ಇದೆ. ಹೊಲೀತಾ ಹೇಳಿಕೊಟ್ಟೆ, ನಿನ್ನ ಮುಖ ನೋಡ್ಲಿಲ್ಲ. ಲ್ವಾನ್‌ಗೆ ಕೊಟ್ಟ ಮಾತು ಉಳಿಸ್ಕೋ. ಬೆಚ್ಚಗೆ ಕಾಲು ತೊಳಿ, ನಡಿ, ಹೊಟ್ಟೆತುಂಬ ತಿನ್ನು. ಬೇರೆ ಏನೂ ಮಾಡ್ಬೇಡ."

ಚಳಿಗಾಲ ಬಂತು. ಕೋಟೆಯ ಸುತ್ತಲಿನ ನೀರು ಅಂಚಿನಿಂದ ಹೆಪ್ಪುಗಟ್ಟುತ್ತಾ ಒಂದು ದಿನ ಪೂರ್ತಿ ಕಲ್ಲಾಯಿತು. ದೋಣಿಗಳನ್ನು ದಡಕ್ಕೆಳೆದು ಕವುಚಿ ಹಾಕಿದರು. ಸೂಮೇಯ್ ಅಜ್ಜಿ ಹೇಳಿದಷ್ಟನ್ನೇ ಮಾಡಿದಳು. ಕೋಟೆಯ ಮೇಲೆ ನಡೆದಳು, ಸಂಜೆ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಳು. ಮೆಲ್ಲಮೆಲ್ಲಗೆ ನೆತ್ತಿಯ ಬಿಸಿ ಇಳಿಯಿತು, ನಿದ್ದೆ ಮರಳಿತು. ಗುರುಗಳ ಬಯಲಿಗೂ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಆಟ ಮಾಡಿದಳು, ತಳ್ಳಾಟಕ್ಕೆ ಇಳಿಯಲಿಲ್ಲ. ಹೆಂಗಸರು ಮೊದಮೊದಲು ಕೆಣಕಿದರು, ಆಮೇಲೆ ಬಿಟ್ಟರು.

ಚಳಿಗಾಲದ ನಡುವಿನ ಹಬ್ಬಕ್ಕೆ ಕಡುಬು ಮಾಡಿ ತಿಂದ ಮರುದಿನ, ಗಾಳಿಯಿಲ್ಲದ ಬಿಸಿಲು ಬಿದ್ದಿತ್ತು. ಸೂಮೇಯ್ ದೋಣಿಯ ತಳಕ್ಕೆ ಎಣ್ಣೆ ಬಳಿಯಲು ಹೋದಳು. ಬಳಿದು ಮುಗಿಸಿ, ಬಳಿಯದೆ ಬಿಟ್ಟ ಒಂದು ತುದಿಯ ಮೇಲೆ ಕೂತಳು. ಮಾಡಲು ಏನೂ ಇರಲಿಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೆ ಯಾರೋ ಮಕ್ಕಳು ಕುರ್ಚಿ ತಳ್ಳಿಕೊಂಡು ಜಾರುತ್ತಿದ್ದರು. ಅವಳು ಅವರನ್ನು ನೋಡುತ್ತಾ ಉಸಿರು ಬಿಟ್ಟಳು. ಎದೆಮೂಳೆಯ ಹಿಂದೆ ಎಷ್ಟೋ ವರ್ಷದಿಂದ ಎತ್ತಿ ಹಿಡಿದಿದ್ದ ಏನೋ ಒಂದು, ಯಾರೂ ಹೇಳದೆ, ಕೆಳಗಿಳಿಯಿತು. ಹೊಟ್ಟೆಯ ಹಿಂದಿನಿಂದ ಹಾದು ಕೂತ ಜಾಗದವರೆಗೂ ಹೋಗಿ ನಿಂತಿತು. ಬಿಸಿಯೂ ಇರಲಿಲ್ಲ, ಬೆಳಕೂ ಇರಲಿಲ್ಲ. ಬರೀ ಒಂದು ನೆಟ್ಟಗಿನ ತೆರಪು. ಬಲಗಡೆಯ ಗೋಡೆ ಎಲ್ಲಿ ಹೋಯಿತೆಂದು ಅವಳು ಹುಡುಕಿದಳು, ಸಿಗಲಿಲ್ಲ. ತುಂಬ ಹೊತ್ತು ಹಾಗೇ ಕೂತಿದ್ದು ಎದ್ದಾಗ, ಎಡಗಾಲು ನೆಲ ಮುಟ್ಟಿದ್ದು ಅವಳಿಗೆ ಗೊತ್ತಾಯಿತು. ಅಷ್ಟು ವರ್ಷ ಆ ಕಾಲು ಬರೀ ಜೊತೆಗೆ ಬರುತ್ತಿತ್ತು. ಹೊಟ್ಟೆ ಚುರುಗುಟ್ಟಿತು. ಮನೆಗೆ ಹೋಗಿ ಉಳಿದ ಕಡುಬುಗಳನ್ನೆಲ್ಲ ಹುರಿದು ತಿಂದಳು.

ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಅವಳೇನೂ ಮಾಡಿರಲಿಲ್ಲ. ಆದರೆ ಆದದ್ದನ್ನು ಹೇಳದೆ ಇರುವುದು ಅವಳಿಗೆ ಕದ್ದ ಹಾಗೆನಿಸಿತು. ಎರಡು ದಿನ ಒದ್ದಾಡಿ ಗುರುಗಳ ಮನೆಗೆ ಹೋದಳು. ಅವರು ಅಂಗಳದಲ್ಲಿ ಒಣಗಿದ ಎಲೆ ಗುಡಿಸುತ್ತಿದ್ದರು. ನಿಂತುಕೊಂಡೇ ಪೂರ್ತಿ ಕೇಳಿದರು. ಪೊರಕೆಯನ್ನು ಗೋಡೆಗೆ ಒರಗಿಸಿ, ಮುಂದೆ ಬಂದು ಮಣಿಕಟ್ಟು ಚಾಚಿದರು.

ಗುರುಗಳ ಕೈ ಅವಳಿಗೆ ಗೊತ್ತಿತ್ತು. ಯಾವಾಗಲೂ ಅದು ಮೊದಲು ಅವಳ ಬಲಭುಜಕ್ಕೆ ಬರುತ್ತಿತ್ತು, ಅವಳು ಅಲ್ಲಿ ಬಿಗಿಯುತ್ತಿದ್ದಳು, ಅಲ್ಲಿಂದಲೇ ಅವರು ಅವಳನ್ನು ಎತ್ತಿಬಿಡುತ್ತಿದ್ದರು. ಈ ಸಲವೂ ಅಲ್ಲಿಗೇ ಬಂತು. ಅವಳು ಬಿಗಿಯಲಿಲ್ಲ. ಬಿಗಿಯಬಾರದು ಅಂದುಕೊಂಡೂ ಅಲ್ಲ, ಬಿಗಿಯುವ ಅಗತ್ಯ ಕಾಣಲಿಲ್ಲ. ಒತ್ತಡ ಭುಜದಿಂದ ಒಳಕ್ಕೆ ಬಂದು, ನಡುವಿಗೆ ತಲುಪಿ, ಕಾಲಿನಿಂದ ನೆಲಕ್ಕೆ ಹೋಯಿತು. ಅವಳು ಕೊಂಚ ತಿರುಗಿದಳು. ಗುರುಗಳ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಹೋಯಿತು. ಇನ್ನೊಂದು ಸಲ ಒತ್ತಿದರು, ಎಡಗಡೆಯಿಂದ. ಅದೇ ಆಯಿತು.

ಅವರು ಕೈ ತೆಗೆದು ಅಂಗೈ ನೋಡಿಕೊಂಡರು. ಒಳಗೆ ಹೋಗಿ ಚಹಾ ಮಾಡಿ ತಂದು ಅವಳಿಗೆ ಬಗ್ಗಿಸಿ ಕೊಟ್ಟರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ನೆತ್ತಿ?"

"ತಣ್ಣಗಿದೆ ಗುರುಗಳೇ."

"ಕಾಲು?"

"ಬೆಚ್ಚಗಿದೆ."

"ಹಾಗಾದ್ರೆ ಮಾಡು. ಅಕ್ಕನ ಎದುರಿಗೇ ಮಾಡು, ಮನೇಲಿ ಬಾಗಿಲು ಹಾಕ್ಕೊಂಡು ಬೇಡ." ಪಾಂಗ್ ಅಜ್ಜಿಯನ್ನು ಅವರು ಅಕ್ಕ ಎಂದು ಕರೆದದ್ದನ್ನು ಅವಳು ಅಂದೇ ಮೊದಲು ಕೇಳಿದ್ದು.

ಹೊಸ ವರ್ಷದ ಪಟಾಕಿ ಮುಗಿದ ಮೇಲೆ ಸೂಮೇಯ್ ಮತ್ತೆ ಕೌದಿಯಂಗಡಿಯ ಸ್ಟೂಲಿನ ಮೇಲೆ ಕೂತಳು. ಈಗ ಅಜ್ಜಿ ಹೊಲಿಗೆ ಪಕ್ಕಕ್ಕಿಟ್ಟು ಎದುರಿಗೆ ಕೂರುತ್ತಿದ್ದರು. ದಾರ ಒಂದು ದಿನ ಸಿಗುತ್ತಿತ್ತು, ಇನ್ನೊಂದು ದಿನ ಸಿಗುತ್ತಿರಲಿಲ್ಲ. ಸಿಗದ ದಿನ ಅವಳು ಕಡಲೆಕಾಯಿ ಸುಲಿದುಕೊಂಡು ಮಾತಾಡಿ ಎದ್ದು ಬರುತ್ತಿದ್ದಳು. ನೀರು ಕರಗಿ ದೋಣಿ ಇಳಿಸಿದಾಗ ಅವಳು ಒಂದು ದಿನ ಬಲಗಡೆ, ಒಂದು ದಿನ ಎಡಗಡೆ ನಿಂತು ಗಳ ಹಾಕತೊಡಗಿದಳು. ಭುಜ ಪೂರ್ತಿ ಸಮವಾಗಲಿಲ್ಲ. ಆದರೆ ದೂರದಿಂದ ನೋಡಿದವರಿಗೆ ಇದು ಯಾರ ದೋಣಿ ಎಂದು ಈಗ ತಟ್ಟನೆ ಹೇಳಲಾಗುತ್ತಿರಲಿಲ್ಲ. ದಕ್ಷಿಣ ಬಯಲಿನ ಹೆಂಗಸರು ಅವಳೊಂದಿಗೆ ತಳ್ಳಾಟ ಮಾಡಿ, ಇವಳ ಜೊತೆ ಮಜಾನೇ ಇಲ್ಲ, ಬೀಳ್ಸೋದೂ ಇಲ್ಲ ಬೀಳೋದೂ ಇಲ್ಲ ಎಂದು ದೂರಿದರು. ಆ ವರ್ಷದ ತಳ್ಳಾಟದ ಪಂದ್ಯಕ್ಕೆ ಅವಳು ಹೆಸರು ಕೊಡಲಿಲ್ಲ. ಏಕೆಂದು ಕೇಳಿದರೆ, ಆ ದಿನ ದೋಣಿಗೆ ಜನ ಜಾಸ್ತಿ ಬರ್ತಾರೆ ಎಂದಳು. ಅದೂ ನಿಜವೇ ಆಗಿತ್ತು.

ವಿಲೋ ಮರಗಳು ಹತ್ತಿಯಂಥ ಬೀಜ ಹಾರಿಸುವ ಹೊತ್ತಿಗೆ ಅಜ್ಜಿ ಸ್ಟೂಲುಗಳನ್ನು ಪೂರ್ವ ಬಾಗಿಲಿನ ಹೊರಗೆ ಹಾಕಿಸಿದ್ದರು. ಇನ್ನಿಬ್ಬರು ಮುದುಕಿಯರೂ ಬಂದು ಸೇರಿಕೊಂಡಿದ್ದರು. ಒಂದು ಬೆಳಗ್ಗೆ ಸೂಮೇಯ್ ಕಣ್ಣು ತೆರೆದಾಗ ಲ್ವಾನ್ ಗುರುಗಳು ದೂರದಲ್ಲಿ, ಕಟ್ಟೆಯ ಬಳಿ, ಬೆನ್ನ ಹಿಂದೆ ಕೈ ಕಟ್ಟಿ ನೀರು ನೋಡುತ್ತಾ ನಿಂತಿದ್ದರು. ಮೀನು ನೋಡಲು ಬಂದವರ ಹಾಗೆ. ಅವಳು ಏಳಹೋದಳು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಅವಳ ಮೊಣಕಾಲು ಒತ್ತಿ ಕೂರಿಸಿದರು.

ಗುರುಗಳು ಸ್ವಲ್ಪ ಹೊತ್ತಿಗೆ ಹತ್ತಿರ ಬಂದು ನಿಂತರು. ಕಾಲು ಅಗಲಿಸಿ, ಕೈ ಇಳಿಬಿಟ್ಟು, ಅಭ್ಯಾಸಕ್ಕೆ ನಿಲ್ಲುವ ಹಾಗೆ. ಅವರ ಮುಖದಲ್ಲಿ ಆ ಹಳೆಯ ಚಳಿಗಾಲದ ಹುಡುಗನ ಹೆದರಿಕೆ ಇನ್ನೂ ಇದ್ದದ್ದು ಸೂಮೇಯ್‌ಗೆ ಕಂಡಿತು. ಅವಳು ಕಣ್ಣು ತಿರುಗಿಸಿಕೊಂಡಳು.

"ಸ್ಟೂಲು ಎಳ್ಕೊಂಡು ಕೂರೋ," ಅಂದರು ಪಾಂಗ್ ಅಜ್ಜಿ. "ನಿಂತು ಮಾಡೋ ವಯಸ್ಸು ನಿಂಗಿನ್ನೂ ಬಂದಿಲ್ಲ."

ಎಪ್ಪತ್ತು ದಾಟಿದ ಗುರುಗಳು ಸ್ಟೂಲು ಎಳೆದುಕೊಂಡು, ಅಂಚಿನಲ್ಲಿ ಕೂತರು.